ಸಜ್ಜ ಎಷ್ಟು ಚಾಚಬೇಕು?

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಕೋಡಿಂಗ್ ಯಾಕೆ? ನಮ್ಮ ತರಗತಿಯಲ್ಲಿ ಆಗಾಗ ಬರುವ ಪ್ರಶ್ನೆಯಿದು. ಕೋಡಿಂಗ್ ಕಲಿತರೆ ಸಾಫ್ಟ್‌ವೇರ್ ಕಂಪನಿ, ಇಲ್ಲದಿದ್ದರೆ ಸೈಟು ಎಂದು ಎಲ್ಲರೂ ಎರಡೇ ದಾರಿ ತೋರಿಸುತ್ತಾರೆ. ಇವೆರಡೂ ಕೂಡುವ ಇನ್ನೊಂದು ದಾರಿಯಿದೆ. ಅದು ಕಂಪ್ಯುಟೇಷನಲ್ ಡಿಸೈನ್.

ಆಟೊಕ್ಯಾಡ್‌ನಲ್ಲಿ ನಾವು ಗೆರೆ ಎಳೆಯುತ್ತೇವೆ. ಕಿಟಕಿ ದೊಡ್ಡದಾಗಬೇಕೆಂದರೆ ನಕ್ಷೆಯನ್ನು ತಿದ್ದುತ್ತಾ ಕೂರಬೇಕು. ಕಂಪ್ಯುಟೇಷನಲ್ ಡಿಸೈನ್‌ನಲ್ಲಿ ಮೊದಲು ನಿಯಮ ಬರೆಯುತ್ತೇವೆ. ಕಿಟಕಿ ಇಷ್ಟು ಎತ್ತರವಿದ್ದರೆ ಸಜ್ಜ ಇಷ್ಟು ಚಾಚಲಿ ಎಂದು ಹೇಳಿಟ್ಟರೆ ಸಾಕು, ಒಂದು ಸಂಖ್ಯೆ ಬದಲಿಸಿದಾಗ ಇಡೀ ಕಟ್ಟಡದ ಸಜ್ಜಗಳು ತಾವಾಗಿಯೇ ಬದಲಾಗುತ್ತವೆ. ಗ್ರಾಸ್‌ಹಾಪರ್, ಡೈನಮೊದಂಥ ತಂತ್ರಾಂಶಗಳು ಮಾಡುವುದು ಇದನ್ನೇ.

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. ಸ್ಪೇನ್‌ನ ವಾಸ್ತುಶಿಲ್ಪಿ ಆಂಟೊನಿ ಗೌಡಿ, ಬಾರ್ಸಿಲೋನಾ ಬಳಿಯ ಕೊಲೋನಿಯಾ ಗುವೆಲ್ ಚರ್ಚಿನ ವಿನ್ಯಾಸಕ್ಕಾಗಿ ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದರು. ಜೋತುಬಿದ್ದ ಆ ದಾರಗಳ ಆಕಾರವನ್ನು ತಲೆಕೆಳಗು ಮಾಡಿದರೆ ಕಮಾನುಗಳ ಆಕಾರ ಸಿಗುತ್ತಿತ್ತು. ಒಂದು ಚೀಲದ ಭಾರ ಬದಲಾದರೆ ಉಳಿದ ದಾರಗಳೂ ಸರಿದುಕೊಳ್ಳುತ್ತಿದ್ದವು. ಲೆಕ್ಕ ಮಾಡುತ್ತಿದ್ದುದು ಗುರುತ್ವಾಕರ್ಷಣೆ. ಅವರು 1926ರಲ್ಲಿ ತೀರಿಕೊಂಡ ದಶಕಗಳ ನಂತರ, ಅವರದೇ ಸಗ್ರಾಡಾ ಫ್ಯಾಮಿಲಿಯಾ ಚರ್ಚಿನ ಕೆಲಸಕ್ಕೆ ವಿಮಾನ ವಿನ್ಯಾಸದ ತಂತ್ರಾಂಶ ನೆರವಾಯಿತು.

ನಮ್ಮೂರಿಗೆ ಬರೋಣ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಇಲ್ಲಿ ಸೂರ್ಯ ದಕ್ಷಿಣದಲ್ಲಿ, ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣ ಗೋಡೆಯ 4 ಅಡಿ ಎತ್ತರದ ಕಿಟಕಿಗೆ ಪೂರ್ತಿ ನೆರಳು ಬೀಳಲು ಸಜ್ಜ ಸುಮಾರು 3 ಅಡಿ ಚಾಚಬೇಕು. ಪಿಯುಸಿ ತ್ರಿಕೋನಮಿತಿ ಸಾಕು. ಜೂನ್ 21ರ ಮಧ್ಯಾಹ್ನ ಅದೇ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ! ಯುರೋಪಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಅಲ್ಲಿನ ನಿಯಮವನ್ನು ಹಾಗೇ ತಂದರೆ ನಮ್ಮ ಉತ್ತರದ ಕಿಟಕಿಗೆ ನೆರಳೇ ಇರುವುದಿಲ್ಲ. ಪಶ್ಚಿಮದಲ್ಲಂತೂ ಸಂಜೆಯ ಇಳಿಬಿಸಿಲು ಎಂಥ ಸಜ್ಜದ ಕೆಳಗೂ ನುಸುಳುತ್ತದೆ. ಅಲ್ಲಿ ನಿಲುವು ಹಲಗೆಯೋ ಮರವೋ ಬೇಕು.

ವರ್ಷದ 8,760 ಗಂಟೆಗಳಿಗೂ ಈ ಲೆಕ್ಕ ಹಾಕಲು ಕಂಪ್ಯೂಟರಿಗೆ ಬೇಸರವಿಲ್ಲ. ಆದರೆ ಯಾವುದು ಒಳ್ಳೆಯ ಮನೆ ಎಂದು ಅದಕ್ಕೆ ತಿಳಿಯದು. ಕಡಿಮೆ ಖರ್ಚು ಎಂದು ಕೇಳಿದರೆ ಕಡಿಮೆ ಖರ್ಚಿನದನ್ನೇ ಕೊಡುತ್ತದೆ, ಒಳಗಿದ್ದವರು ಬೆಂದರೂ ಸರಿ. ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಕೂರುವಷ್ಟು ನೆರಳಿರಲಿ ಎಂಬುದನ್ನೂ ಯಾರಾದರೂ ನಿಯಮವಾಗಿ ಬರೆಯಬೇಕು. ತೊಟ್ಟಿ ಮನೆ ಕಟ್ಟಿದವರು ಬೆಳಕು, ಗಾಳಿ, ಮಳೆಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆ ತಿಳಿವಳಿಕೆಯನ್ನು ಅಳೆದು, ಪರೀಕ್ಷಿಸಿ, ಇಂದಿನ ಅಪಾರ್ಟ್‌ಮೆಂಟಿಗೆ ಹೊಂದಿಸುವುದು ನಾವು ಮಾಡಬಹುದಾದ ಕೆಲಸ. ಊರಿನ ಬಿಸಿಲು ಗೊತ್ತಿದ್ದವರು ಈ ನಿಯಮ ಬರೆಯದಿದ್ದರೆ ಗೊತ್ತಿಲ್ಲದವರು ಬರೆಯುತ್ತಾರೆ.

ಶುರು ಮಾಡಲು ದೊಡ್ಡ ಲ್ಯಾಪ್‌ಟಾಪ್ ಬೇಡ. ಸ್ವಲ್ಪ ಪೈಥಾನ್, ಒಂದು ಅಳತೆ ಟೇಪು ಸಾಕು. ನಾಳೆ ಮಧ್ಯಾಹ್ನ ನಿಮ್ಮ ಮನೆಯ ಸಜ್ಜದ ನೆರಳು ಗೋಡೆಯ ಮೇಲೆ ಎಲ್ಲಿವರೆಗೆ ಇಳಿಯುತ್ತದೆ, ಅಳೆದು ನೋಡಿ.