‘ಕಾಡು ಕುದುರೆ’ಯ ಗಾಯಕನಿಗೆ ಒಂದೇ ಹಾಡೇ?

ಕೊಪ್ಪ: ಒಂದೇ ಹಾಡಿನಿಂದ ಮನೆಮಾತಾಗಿ ಬಳಿಕ ಮರೆಯಾದ ಗಾಯಕರು ಪಾಶ್ಚಾತ್ಯ ಪಾಪ್ ಲೋಕದಲ್ಲಿ ಹೇರಳ. ಕನ್ನಡದಲ್ಲಿ ಅಂಥವರು ಯಾರೆಂದು ಕೇಳಿದರೆ ಶಿವಮೊಗ್ಗ ಸುಬ್ಬಣ್ಣನವರ ಹೆಸರು ಹೇಳುವವರುಂಟು. ಚಲನಚಿತ್ರದ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಅದರಾಚೆಗೆ ತಪ್ಪು.

ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಜನಿಸಿದ ಸುಬ್ಬಣ್ಣ ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ಆಕಾಶವಾಣಿ ಗಾಯಕರು. ಚಂದ್ರಶೇಖರ ಕಂಬಾರರು ತಮ್ಮ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆಯನ್ನು ಇವರಿಂದ ಹಾಡಿಸಿದರು. ಗೀತೆ, ಸಂಗೀತ, ನಿರ್ದೇಶನ ಮೂರೂ ಕಂಬಾರರದೇ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಕವಿಯ ದೇಸಿ ನುಡಿಗೆ ಮಲೆನಾಡಿನ ತುಂಬುಕಂಠ ಒದಗಿದ ಆ ಹಾಡು 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ತಂದಿತು.

ಕನ್ನಡ ಚಿತ್ರವೊಂದಕ್ಕೆ ದೊರೆತ ಮೊದಲ ಗಾಯನ ಪ್ರಶಸ್ತಿ ಇದೆಂದು ಕೆಲವೆಡೆ ಬರೆಯಲಾಗಿದೆ. ಅದು ಸರಿಯಲ್ಲ. 1975ರ ‘ಹಂಸಗೀತೆ’ಗಾಗಿ ಬಾಲಮುರಳಿಕೃಷ್ಣ ಈ ಗೌರವ ಪಡೆದಿದ್ದರು, ಆದರೆ ಅವರು ಹಾಡಿದ್ದು ಸಂಸ್ಕೃತ ಕೃತಿ. ಕನ್ನಡದ ಹಾಡಿಗೆ, ಕನ್ನಡಿಗನೊಬ್ಬನಿಗೆ ಈ ಪ್ರಶಸ್ತಿ ಸಂದದ್ದು ಸುಬ್ಬಣ್ಣನವರಿಂದಲೇ ಮೊದಲು. ಮುಂದೆ ‘ಜೀವನ ಚೈತ್ರ’ದ ಹಾಡಿಗಾಗಿ ಡಾ. ರಾಜ್‌ಕುಮಾರ್ ಅದನ್ನು ಪಡೆದದ್ದು 1992ನೇ ಸಾಲಿನಲ್ಲಿ.

ಇಷ್ಟಾದರೂ ಚಿತ್ರರಂಗ ಅವರನ್ನು ಏಕೆ ಹೆಚ್ಚು ಬಳಸಿಕೊಳ್ಳಲಿಲ್ಲ? ಆಗ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಹೆಚ್ಚಾಗಿ ನಡೆಯುತ್ತಿದ್ದುದು ಮದರಾಸಿನಲ್ಲಿ. ಸುಬ್ಬಣ್ಣನವರ ಕಕ್ಷಿದಾರರು ಇದ್ದುದು ಶಿವಮೊಗ್ಗದಲ್ಲಿ. 1974ರ ‘ಸಂಪತ್ತಿಗೆ ಸವಾಲ್’ ಬಳಿಕ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಉಳಿದ ನಾಯಕರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇದ್ದರು. ಪ್ರೇಮಗೀತೆಯ ನಯಕ್ಕಿಂತ ಎತ್ತರದ ಕರೆಗೆ ಒಗ್ಗುವ ಸುಬ್ಬಣ್ಣನವರ ಕಂಠಕ್ಕೆ ಹೊಂದುವ ಪಾತ್ರಗಳಾದರೂ ಎಷ್ಟಿದ್ದವು?

ಅವರ ನಿಜವಾದ ಕ್ಷೇತ್ರ ಸುಗಮ ಸಂಗೀತ. ಚಿತ್ರಗೀತೆಯಲ್ಲಿ ಸಾಮಾನ್ಯವಾಗಿ ರಾಗಕ್ಕೆ ತಕ್ಕಂತೆ ಪದ ಹೊಸೆಯುತ್ತಾರೆ. ಇಲ್ಲಿ ಮೊದಲೇ ಅಚ್ಚಾದ ಕವಿತೆಗೆ ರಾಗ ಹುಡುಕಬೇಕು, ಕವಿಯ ಅರ್ಥ ಕೆಡದಂತೆ ಹಾಡಬೇಕು. ಇಂಥ ಹಾಡು ‘ಹಿಟ್’ ಆದರೂ ಕೀರ್ತಿಯ ದೊಡ್ಡ ಪಾಲು ಕವಿಗೇ. ಶಿಶುನಾಳ ಷರೀಫರ ತತ್ತ್ವಪದಗಳನ್ನೂ ಕುವೆಂಪು ಅವರ ಕವಿತೆಗಳನ್ನೂ ಸುಬ್ಬಣ್ಣ ದಶಕಗಳ ಕಾಲ ಹಾಡಿದರು. ಕನ್ನಡ ಡಿಂಡಿಮದ ಗೀತೆಯಂತೂ ರಾಜ್ಯೋತ್ಸವದ ಧ್ವನಿವರ್ಧಕಗಳಲ್ಲಿ ಅವರ ಕಂಠದಲ್ಲೇ ಪರಿಚಿತ. ಕೇಳುವವರಲ್ಲಿ ಎಷ್ಟು ಮಂದಿಗೆ ಗಾಯಕನ ಹೆಸರು ಹೊಳೆದೀತು!

ಕೊಪ್ಪದವರಿಗೆ ಈ ನಂಟು ಇನ್ನೂ ಹತ್ತಿರದ್ದು. ಕುವೆಂಪು 1904ರಲ್ಲಿ ಜನಿಸಿದ್ದು ಇದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದ ಕುಪ್ಪಳಿ ನೆರೆಯ ತೀರ್ಥಹಳ್ಳಿ ತಾಲ್ಲೂಕಿನದು. ಸುಬ್ಬಣ್ಣನವರ ನಗರವೂ ಅದೇ ಮಲೆನಾಡಿನ ಮಳೆಸೀಮೆ.

2022ರ ಆಗಸ್ಟ್ 11ರಂದು, 83ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಶ್ರದ್ಧಾಂಜಲಿ ಬರಹಗಳಲ್ಲಿ ಮೊದಲು ಓಡಿಬಂದದ್ದು ಮತ್ತೆ ಅದೇ ಕುದುರೆ.