ಎರಡು ನಿಮಿಷದ ಗುಟ್ಟು

2020ರ ಜುಲೈ ಕೊನೆ. ಲಾಕ್‌ಡೌನ್‌ನಿಂದಾಗಿ ಬೆಂಗಳೂರು ಬಿಟ್ಟು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಗೆ ಮರಳಿದ್ದ ಎಂಜಿನಿಯರ್ ಹುಡುಗಿಗೆ ಕಚೇರಿಯಿಂದ ವಿಚಿತ್ರ ದೂರೊಂದು ಬಂತು. ಜಾಲತಾಣಕ್ಕೆ ಲಾಗಿನ್ ಆದವರು ಮತ್ತೆ ಲಾಗಿನ್ ಪುಟಕ್ಕೇ ಬಂದು ಬೀಳುತ್ತಿದ್ದರು. ಫೈರ್‌ಫಾಕ್ಸ್‌ನಲ್ಲಿ ಎಲ್ಲ ಸರಾಗ, ತಕರಾರು ಕ್ರೋಮ್‌ನಲ್ಲಿ ಮಾತ್ರ. ಅಲ್ಲೂ ಎಲ್ಲರಿಗೂ ಅಲ್ಲ, ಎಲ್ಲ ಸಲವೂ ಅಲ್ಲ.

ಮೊದಲ ಅನುಮಾನ ಪ್ರಾಕ್ಸಿ ಸರ್ವರ್ ಮೇಲೆ. ಅದರ ಹಿಂದಿದ್ದ ಸರ್ವರ್‌ಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಬಂದ್ ಮಾಡಿ ನೋಡಿದಳು. ಲಾಗ್‌ಗಳನ್ನು ಸಾಲುಸಾಲಾಗಿ ಜಾಲಾಡಿದಳು. ಏನೂ ಸಿಗಲಿಲ್ಲ. ಬೆಂಗಳೂರಿನ ಗೆಳೆಯರು ಪರೀಕ್ಷಿಸಿದಾಗಲಂತೂ ದೋಷ ತಲೆಯೇ ಎತ್ತುತ್ತಿರಲಿಲ್ಲ. ಕಣ್ಣಿಗೇ ಬೀಳದ್ದನ್ನು ಹಿಡಿಯುವುದು ಹೇಗೆ?

ಒಂದು ಸಂಜೆ ಮೋಡ ಕವಿದಿತ್ತು. ಲಾಗಿನ್ ಆಗಹೊರಟರೆ ಮನೆಯೊಳಗೆ ಒಟಿಪಿ ಬರಲೊಲ್ಲದು. ಲ್ಯಾಪ್‌ಟಾಪ್ ಕೆಳಗೇ ಬಿಟ್ಟು, ಮೊಬೈಲ್ ಹಿಡಿದು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದಳು. “ಮಳಿ ಬರಾಕತ್ತೈತಿ, ಇಳಿಯವ್ವಾ ಕೆಳಗ!” ಎಂದು ಅವ್ವ ಕೂಗುತ್ತಿದ್ದಳು. ಅಷ್ಟರಲ್ಲಿ ಒಟಿಪಿ ಬಂತು. ಇಳಿದು ಬಂದು ಒತ್ತಿದರೆ ಮತ್ತದೇ ಲಾಗಿನ್ ಪುಟ! ಬಹುದಿನ ಕಣ್ಣುಮುಚ್ಚಾಲೆಯಾಡಿದ ದೋಷ ಆಕೆಯ ಪರದೆಯ ಮೇಲೇ ಬಂದು ಕೂತಿತ್ತು.

ಬೆಂಗಳೂರಿನಲ್ಲಿ ಒಟಿಪಿ ಥಟ್ಟನೆ ಬರುತ್ತಿತ್ತು. ಇಲ್ಲಿ ತಡವಾಗಿತ್ತು. ವ್ಯತ್ಯಾಸ ಅಷ್ಟೇ ಇರಬಹುದೆ? ಗಡಿಯಾರ ಮುಂದಿಟ್ಟುಕೊಂಡು ಬೇಕೆಂದೇ ತಡಮಾಡುತ್ತ ಹೋದಳು. ಒಂದು ನಿಮಿಷಕ್ಕೆ ಒಳಗೆ ಬಿಟ್ಟಿತು. ಒಂದೂವರೆಗೂ ಬಿಟ್ಟಿತು. ಎರಡು ದಾಟಿತೋ, ಬಾಗಿಲು ಬಂದ್.

ಆ ಎರಡು ನಿಮಿಷದ ಸುಳಿವು ಹಿಡಿದು ಹೊರಟವಳಿಗೆ, ಜಾಲತಾಣ ಬ್ರೌಸರ್‌ನಲ್ಲಿ ಇರಿಸುವ ಕುಕಿಗಳ ಕುರಿತ ಕ್ರೋಮ್‌ನ ಹೊಸ ನಿಯಮ ಸಿಕ್ಕಿತು. ಫೆಬ್ರುವರಿಯಲ್ಲಿ ಕ್ರೋಮ್ 80ರೊಂದಿಗೆ ಶುರುವಾಗಿ, ಕೊರೊನಾ ಕಾರಣಕ್ಕೆ ಏಪ್ರಿಲ್‌ನಲ್ಲಿ ತಡೆಹಿಡಿದಿದ್ದ ಆ ನಿಯಮವನ್ನು ಜುಲೈ 14ರಿಂದ ಹಂತಹಂತವಾಗಿ ಮತ್ತೆ ಜಾರಿಗೆ ತರಲಾಗಿತ್ತು. ಖುಷಿಯಿಂದ ಕುಕಿಗೆ ‘ಸೇಮ್‌ಸೈಟ್=ನನ್’ ಎಂದು ಬರೆದಳು. ಈಗ ಬೇಗ ಬಂದವರಿಗೂ ಪ್ರವೇಶವಿಲ್ಲ! ಇದ್ದದ್ದೂ ಹೋಯಿತಲ್ಲ ಎಂದು ಕಂಗಾಲಾದರೂ, ರಾತ್ರಿಯೆಲ್ಲ ಕೂತು ಕ್ರೋಮ್‌ನ ಡೆವಲಪರ್ ಟೂಲ್ಸ್ ಕೆದಕಿದಳು. ಕುಕಿಯ ಪಕ್ಕದಲ್ಲಿ ಹಳದಿ ಎಚ್ಚರಿಕೆಯೊಂದಿತ್ತು: ‘ಸೆಕ್ಯೂರ್’ ಗುರುತಿಲ್ಲ, ತಿರಸ್ಕರಿಸಲಾಗಿದೆ.

ಪ್ರಾಕ್ಸಿ ಮೇಲಿನ ಮೊದಲ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಲಾಗಿನ್ ನಡೆಯುತ್ತಿದ್ದುದು ಬೇರೊಂದು ತಾಣದಲ್ಲಿ. ಅಲ್ಲಿಂದ ‘ಪೋಸ್ಟ್’ ಆಗಿ ಮರಳುವಾಗ, ಸೇಮ್‌ಸೈಟ್ ಬರೆಯದ ಕುಕಿಯನ್ನು ಕ್ರೋಮ್ ಕಳಿಸುತ್ತಿರಲಿಲ್ಲ. ಹುಟ್ಟಿ ಎರಡು ನಿಮಿಷವಾಗದ ಕುಕಿಗಷ್ಟೇ ವಿನಾಯಿತಿ. ಇನ್ನು ‘ನನ್’ ಎಂದು ಬರೆದರೆ ‘ಸೆಕ್ಯೂರ್’ ಕಡ್ಡಾಯ. ಆದರೆ ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು, ಒಳಗಿನ ಸರ್ವರ್‌ಗೆ ಬರೀ ಎಚ್‌ಟಿಟಿಪಿ ತಲುಪುತ್ತಿತ್ತು. ಸಂಪರ್ಕ ಸುರಕ್ಷಿತವಲ್ಲವೆಂದು ಬಗೆದ ಸರ್ವರ್ ಆ ಗುರುತು ಹಾಕುತ್ತಲೇ ಇರಲಿಲ್ಲ. ಪ್ರಾಕ್ಸಿಯಿಂದ ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಹೆಡರ್ ಕಳಿಸಿ, ಅದನ್ನು ನಂಬುವಂತೆ ಸರ್ವರ್‌ನ ಸೆಟ್ಟಿಂಗ್ ಬದಲಿಸಿದಳು. ಒಟಿಪಿ ತಡವಾಗಿ ಬಂದರೂ ಲಾಗಿನ್ ಈಗ ಸಲೀಸಾಗಿ ಆಗುತ್ತಿತ್ತು.