ಘಟ್ಟದ ಕೆಳಗಿನ ಸುಲಭದ ತರಕಾರಿಗಳು

ಮಂಗಳೂರು, ಉಡುಪಿಗಳ ಪೇಟೆಯಲ್ಲಿ ತರಕಾರಿ ಎರಡು ಬಗೆ. ಲಾರಿಯಲ್ಲಿ ಘಟ್ಟ ಇಳಿದು ಬರುವ ಕೋಸು, ಕ್ಯಾರೆಟ್, ಬೀನ್ಸ್, ಟೊಮೆಟೊ ಒಂದು ಬಗೆ. ಕಟ್ಟು ಕಟ್ಟಿದ ಬಸಳೆ, ಕೆಂಪು ಹರಿವೆ, ಮೊಳದುದ್ದದ ಅಲಸಂದೆ, ಹಳದಿ ಬಣ್ಣಕ್ಕೆ ತಿರುಗಿದ ಸೌತೆ ಇನ್ನೊಂದು ಬಗೆ. ಇವುಗಳಿಗೆ 'ಊರಿನ ತರಕಾರಿ' ಎಂಬ ಹೆಸರು, ಹಲವು ಸಲ ಹೆಚ್ಚಿನ ಕ್ರಯ. ಹಿತ್ತಿಲಿನಲ್ಲಿ ಯಾರೂ ಬೆಳೆಯಬಹುದಾದ ತರಕಾರಿಯೇ ದುಬಾರಿಯಾಗಿರುವುದು ವಿಚಿತ್ರವೆನಿಸಬಹುದು. ಅದಕ್ಕೆ ಕಾರಣ, ಅವು ಸುಲಭವಾದದ್ದು ಹೇಗೆಂಬುದನ್ನೇ ನಾವು ಮರೆಯುತ್ತಿರುವುದು.

ಕರಾವಳಿಯ ಹವೆ ಬೆಳೆಗಾರನಿಗೆ ಸುಲಭದ್ದಲ್ಲ. ವರ್ಷಕ್ಕೆ 3500 ಮಿ.ಮೀ.ಗೂ ಮಿಕ್ಕಿ ಮಳೆ. ಅದರಲ್ಲಿ ಐದನೆಯ ನಾಲ್ಕು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಜಂಬಿಟ್ಟಿಗೆ ಮಣ್ಣಿನ ಸಾರ ನೀರಿನೊಡನೆ ಹರಿದುಹೋಗಿ ಹುಳಿ ಗುಣ ಉಳಿಯುತ್ತದೆ. ಉಳಿದ ತಿಂಗಳುಗಳಲ್ಲಿ ಸುಡುವ ಬಿಸಿಲು, ರಾತ್ರಿಯೂ ಬಿಡದ ಸೆಖೆ.

ಈ ರಾತ್ರಿಯ ಸೆಖೆಯೇ ಹೊರಗಿನ ತರಕಾರಿಗಳನ್ನು ಸೋಲಿಸುತ್ತದೆ. ರಾತ್ರಿಯ ಉಷ್ಣಾಂಶ 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೊಮೆಟೊ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ಜೊತೆಗೆ, ತೇವದ ಹುಳಿ ಮಣ್ಣಿನಲ್ಲಿ ನೆಲೆಸಿರುವ ಸೊರಗು ರೋಗದ ಬ್ಯಾಕ್ಟೀರಿಯಾ ಹಸಿರು ಗಿಡವನ್ನು ಕೆಲವೇ ದಿನಗಳಲ್ಲಿ ಬಾಡಿಸುತ್ತದೆ. ಕೋಸಿಗೆ ಗಡ್ಡೆ ಕಟ್ಟಲು ತಂಪು ಬೇಕು. ಅದು ಹೂ ಬಿಟ್ಟು ಬೀಜವಾಗಲು ಚಳಿಯೇ ಬೇಕು. ಆದ್ದರಿಂದ ಅದರ ಬೀಜ ಹಿಮಾಚಲದ ಕುಲುವಿನಂಥ ತಣ್ಣನೆಯ ಕಣಿವೆಗಳಲ್ಲಿ ತಯಾರಾಗುತ್ತದೆ. ಕರಾವಳಿಯವನು ಕೋಸು ಬೆಳೆಯಬೇಕಾದರೆ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು.

ಹರಿವೆಯ ಕಥೆ ಬೇರೆ. ಬಿಸಿ ಏರಿದಂತೆ ಹೆಚ್ಚಿನ ಗಿಡಗಳ ಎಲೆಯಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹಿಡಿಯಬೇಕಾದ ಕಿಣ್ವ ಆಮ್ಲಜನಕವನ್ನೂ ಹಿಡಿಯತೊಡಗಿ, ಮಾಡಿದ ದುಡಿಮೆಯ ಒಂದು ಪಾಲು ನಷ್ಟವಾಗುತ್ತದೆ. ಕಬ್ಬು, ಜೋಳಗಳಂತೆ ಹರಿವೆ ಇದಕ್ಕೆ ಉಪಾಯ ಮಾಡಿಕೊಂಡಿದೆ. ಎಲೆಯ ಒಳಗಿನ ಜೀವಕೋಶಗಳಲ್ಲಿ ಡೈ ಆಕ್ಸೈಡನ್ನು ದಟ್ಟವಾಗಿ ಕೂಡಿಹಾಕಿ ಈ ನಷ್ಟವನ್ನು ತಡೆಯುತ್ತದೆ. ಬಿಸಿಲು ಅದಕ್ಕೆ ಶತ್ರುವಲ್ಲ, ಬಂಡವಾಳ. ಬಿತ್ತಿದ ತಿಂಗಳೊಳಗೆ ಎಳೆಯ ಸೊಪ್ಪು ಕೊಯ್ಯಬಹುದು.

ಬಸಳೆಗೆ ಬೀಜವೂ ಬೇಕಿಲ್ಲ. ಬಲಿತ ದಂಟಿನ ತುಂಡನ್ನು ನೆಟ್ಟರೆ ಗಿಣ್ಣಿನಿಂದ ಬೇರೊಡೆಯುತ್ತದೆ. ಬಾವಿಕಟ್ಟೆಯ, ಬಚ್ಚಲಿನ ನೀರು ಹರಿಯುವಲ್ಲಿ ಒಂದು ಚಪ್ಪರ ಹಾಕಿದರೆ ತಿಂಗಳುಗಟ್ಟಲೆ ಮನೆಗೆ ಸಾಕು, ಕೊಯ್ದಷ್ಟೂ ಕವಲೊಡೆಯುತ್ತದೆ. ಅಲಸಂದೆ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಮನೆ ಕೊಟ್ಟು, ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಪಡೆಯುತ್ತದೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಅದನ್ನು ಬಿತ್ತುವ ರೂಢಿಗೆ ಇದೇ ಅರ್ಥ.

ಆದರೆ ಗಿಡದ ಗುಣವೊಂದೇ ಸಾಲದು. ಯಾವುದನ್ನು ಯಾವಾಗ ಎಂಬ ಲೆಕ್ಕ ಬೇಕು. ಬೆಂಡೆ, ಹೀರೆ, ಪಡವಲಗಳ ಬೀಜ ಮಳೆ ಹಿಡಿಯುವ ಮುನ್ನ ಏರು ಮಡಿಯಲ್ಲಿ ಬಿದ್ದು, ಜಡಿಮಳೆಯ ಹೊತ್ತಿಗೆ ಬೇರೂರಿರಬೇಕು. ಸೌತೆ, ಕುಂಬಳಗಳು ಭತ್ತದ ನಂತರದ ಗದ್ದೆಗೆ. ಸುಡುಮಣ್ಣು, ಬೂದಿ ಹಾಕುವ ಹಳೆಯ ಪದ್ಧತಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತಿತ್ತು. ಬೇಸಿಗೆಯಲ್ಲಿ ಕೊಯ್ದ ಸೌತೆಯನ್ನು ಅಟ್ಟದ ಅಡ್ಡಕ್ಕೆ ಒಂದಕ್ಕೊಂದು ತಾಗದಂತೆ ನೇತುಹಾಕಿದರೆ, ಹೊರಗೆ ಏನೂ ಸಿಗದ ಆಟಿಯ ಮಳೆಯಲ್ಲೂ ಹುಳಿಗೆ ಹೋಳಿರುತ್ತಿತ್ತು. ಈ ಲೆಕ್ಕವನ್ನು ನೆನಪಿಟ್ಟವರು ಬಹುಮಟ್ಟಿಗೆ ಮನೆಯ ಹೆಂಗಸರು.

ಬೀಜ ಉಳಿಸಿದವರೂ ಅವರೇ. ಹೊಲದ ಮೊದಲ ಒಳ್ಳೆಯ ಕಾಯಿಯನ್ನು ಕೊಯ್ಯದೆ ಬಲಿಯಲು ಬಿಟ್ಟು, ಬೀಜ ತೆಗೆದು, ಬೂದಿ ಬೆರೆಸಿ ಒಣಗಿಸಿಡುವ ಕೆಲಸವೇ ತಳಿ ಆಯ್ಕೆ. ತಲೆಮಾರುಗಳ ಕಾಲ ಇದು ನಡೆದದ್ದರಿಂದ ಆ ಊರಿನ ಮಳೆ, ಸೆಖೆ, ರೋಗಗಳಿಗೆ ಹೊಂದಿಕೊಂಡ ತಳಿ ಉಳಿಯಿತು. ಉಡುಪಿ ಸಮೀಪದ ಮಟ್ಟು ಗ್ರಾಮದ ಗುಳ್ಳ ಇದಕ್ಕೆ ಹೆಸರಾಂತ ನಿದರ್ಶನ. ವಾದಿರಾಜ ಯತಿಗಳು ಕೊಟ್ಟ ಬೀಜದಿಂದ ಬಂದದ್ದೆಂಬ ಐತಿಹ್ಯವುಳ್ಳ ಈ ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೆ ಹೆಸರಿಲ್ಲದ ಎಷ್ಟೋ ಹಿತ್ತಿಲ ತಳಿಗಳಿಗೆ ಯಾವ ದಾಖಲೆಯೂ ಇಲ್ಲ. ಬಿತ್ತುವವರಿಲ್ಲದೆ ಕೆಲವು ವರ್ಷ ಕಳೆದರೆ ಡಬ್ಬಿಯಲ್ಲಿನ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಆ ತಳಿ ಮುಗಿಯಿತು.

ಹೊಸ ತಳಿಗಳು ಬೇಡವೆಂದು ಇದರ ಅರ್ಥವಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆಗೆ ಹಳದಿ ನಂಜು ರೋಗ ತಡೆಯುವ ಶಕ್ತಿ ಬಂದದ್ದು ಕಾಡು ಜಾತಿಯೊಂದರೊಡನೆ ಮಾಡಿದ ಸಂಕರದಿಂದ. ಹೊಸತನ್ನು ರೂಪಿಸಲೂ ಹಳತು ಎಲ್ಲೋ ಉಳಿದಿರಬೇಕು.

ಗದ್ದೆ ಪಾಳುಬಿದ್ದ, ಹಿತ್ತಿಲು ಕಾಂಕ್ರೀಟಾದ ಮನೆಗಳಲ್ಲೂ ದಾರಿ ಇದೆ. ತಾರಸಿಯ ಮೇಲೆ ಗೋಣಿಚೀಲದಲ್ಲಿ ಒಂದು ಬಸಳೆಯ ದಂಟು, ಒಂದು ಹಿಡಿ ಹರಿವೆ ಬೀಜ ಸಾಕು. ಹರಿವೆಯ ಒಂದೆರಡು ಗಿಡವನ್ನಾದರೂ ಕೀಳದೆ ತೆನೆ ಬಲಿಯಲು ಬಿಟ್ಟರೆ ಮುಂದಿನ ವರ್ಷದ ಬಿತ್ತನೆ ಮನೆಯಲ್ಲೇ ಇರುತ್ತದೆ.